ಐದು ನಲವತ್ತಕ್ಕೆ ಬಂದ ದೋಣಿ

ಹಸಿರು ಪೆನ್ಸಿಲ್ಲು, ಚೂಪು ತುದಿ, ಪುಟದ ಅಂಚಿನಲ್ಲಿ ಕೆಳಗಿಳಿಯುತ್ತಿದೆ, ಸಾಲಿಗೊಂದು ಗುರುತು, ಅಂಗಳದಲ್ಲಿ ಚೆಲ್ಲಿದ ಗೋಧಿಯನ್ನು ಕೋಳಿ ಹೆಕ್ಕುವ ಹಾಗೆ, ಒಂದು ಕಾಳನ್ನೂ ಬಿಡುವುದಿಲ್ಲ ಈ ಹುಡುಗಿ, ಎಲೆನಿ ಕರಾಸ್ ಅಂತೆ ಹೆಸರು, ಅಡಿಲೇಡ್‌ನಿಂದ ಏಳು ಗಂಟೆ ಕಾರು ಓಡಿಸಿಕೊಂಡು ಬಂದವಳು, ಇವತ್ತಿಗೆ ಮೂರನೆಯ ದಿನ, ಮೂವತ್ತು ದಾಟಿರಲಿಕ್ಕಿಲ್ಲ, ನನ್ನ ಎಪ್ಪತ್ತೊಂದಕ್ಕೆ ಅವಳು ಹುಡುಗಿಯೇ. ಕಡಲ ರಕ್ಷಣೆಯ ಸ್ವಯಂಸೇವಾ ಇಲಾಖೆಯ ಹಣಕಾಸು ಮತ್ತು ಕಾರ್ಯನಿರ್ವಹಣೆಯ ತಪಾಸಣೆ ಅಂತ ಕಾಗದ ಬಂದಾಗ ಕಾರ್ಯನಿರ್ವಹಣೆ ಅನ್ನುವ ಮಾತನ್ನು ನಾವು ಯಾರೂ ಓದಲೇ ಇಲ್ಲ, ಹಣಕಾಸು ಅಂದದ್ದೇ ಕಣ್ಣಿಗೆ ಹೊಡೆಯಿತು, ಹತ್ತೊಂಬತ್ತು ವರ್ಷದಿಂದ ಖಜಾಂಚಿಯಾಗಿರುವ ಮರ್ವ್ ಪಿಟ್ಸ್‌ನರ್‌ಗೆ ಅವತ್ತಿನಿಂದ ದುಡ್ಡು ಎಣಿಸುವುದೇ ಕೆಲಸ, ಸರ್ಕಾರ ನಮಗೆ ಕೊಡುವುದು ಒಂದು ರಕ್ಷಣಾ ದೋಣಿ, ಡೀಸೆಲ್ಲು, ಈ ಗುಡ್ಡದ ಮೇಲಿನ ಒಂಟಿ ಕೋಣೆ ಮತ್ತು ವೈರ್‌ಲೆಸ್ಸು, ನಾವು ಸರ್ಕಾರಕ್ಕೆ ಕೊಡುವುದು ನಮ್ಮ ಶನಿವಾರ ಭಾನುವಾರಗಳು, ಇದರಲ್ಲಿ ಕದಿಯುವುದು ಏನಿದೆ, ಆದರೂ ಭಯ, ಮಾಂಸದ ತಟ್ಟೆಯನ್ನು ಬಹುಮಾನವಿಟ್ಟು ಲಾಟರಿ ಮಾರಿದ ದುಡ್ಡು, ಕೇಕು ಮಾರಿದ ದುಡ್ಡು, ಎಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ. ಜೈಲಿಗೆ ಹಾಕೋದಾದ್ರೆ ಕಟಾವು ಮುಗಿದ್ಮೇಲೆ ಹಾಕಮ್ಮಾ, ಗೋಧಿ ನಿಂತಿದೆ ಹೊಲದಲ್ಲಿ, ಅಂದ ಮರ್ವ್ ಮೊದಲ ದಿನವೇ, ನಾನ್ ಯಾರ್ನೂ ಜೈಲಿಗೆ ಹಾಕಲ್ಲ ಮರ್ವ್, ಬರೀ ವರದಿ ಬರೀತೀನಿ, ಅಂದಳು ಅವಳು, ಅದೇ ಕಷ್ಟ ನೋಡು ತಾಯಿ, ಜೈಲಲ್ಲಾದ್ರೆ ಊಟನಾದ್ರೂ ಹಾಕ್ತಾರೆ. ಕೊನೆಗೆ ಎಣಿಸಿದರೆ ಡಬ್ಬಿಯಲ್ಲಿ ಹನ್ನೊಂದು ಡಾಲರು ಜಾಸ್ತಿಯೇ ಇತ್ತು, ಮರ್ವ್ ತನ್ನ ಜೇಬಿನಿಂದ ಹಾಕಿದ್ದಿರಬೇಕು, ಕಡಿಮೆ ಬಿದ್ದೀತು ಅಂತ, ಎಲೆನಿ ನಕ್ಕಳು, ನಾವೆಲ್ಲ ನಕ್ಕೆವು, ಅಡುಗೆಮೂಲೆಯಲ್ಲಿ ಕೆಟಲಿಗೆ ನೀರು ತುಂಬುತ್ತಿದ್ದ ಕೊರಾಲಿ ಸಹ ನಕ್ಕಳು, ಗಂಡ ಕಡಲಲ್ಲಿ ಹೋದ ಮೇಲಿನ ಈ ನಾಲ್ಕು ವರ್ಷದಲ್ಲಿ ಅವಳ ನಗು ಕೇಳಿದ್ದು ಎಷ್ಟು ಸಲ, ಒಂದು ಕೈಯ ಬೆರಳು ಸಾಕು ಎಣಿಸುವುದಕ್ಕೆ.

ಆಮೇಲೆ ಅವಳು ನನ್ನ ಪುಸ್ತಕ ತೆಗೆದುಕೊಂಡಳು, ದೋಣಿಗಳ ಪುಸ್ತಕ, ನನಗೆ ಭಯವೇ ಇರಲಿಲ್ಲ, ಭಯ ಯಾಕೆ, ಇಷ್ಟು ಓರಣವಾದ ಪುಸ್ತಕ ಈ ಕರಾವಳಿಯಲ್ಲೇ ಇಲ್ಲ, ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಬರೆದ ಕೈ ಇದು. ಮೀನಿಗೆ ಹೋಗುವವನು ವೈರ್‌ಲೆಸ್ಸಿನಲ್ಲಿ ಹೇಳಿ ಹೋಗಬೇಕು, ಹೆಸರು, ಎಷ್ಟು ಜನ, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ಸು, ಬಂದ ಮೇಲೆ ಬಂದೆ ಅಂತಲೂ ಹೇಳಬೇಕು, ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೆ ನಾವು ಕೂಗಬೇಕು, ಆಮೇಲೆ ಮನೆಗೆ ಫೋನು, ಆಮೇಲೆ ಹುಡುಕಾಟ, ಇಷ್ಟೇ ನಿಯಮ. ವರ್ನಾ, ಆರು ವರ್ಷದಲ್ಲಿ ಎರಡು ಸಾವಿರದ ಮುನ್ನೂರ ಹನ್ನೊಂದು ದೋಣಿ ಹೋಗಿದಾವೆ, ಅಷ್ಟೂ ಬಂದೆ ಅಂತ ಹೇಳಿದಾವೆ, ಅಂದಳು ಎಲೆನಿ, ಒಂದೇ ಒಂದೂ ಮರ್ತಿಲ್ಲ, ಬೇರೆ ಕಡೆ ಇಪ್ಪತ್ತರಲ್ಲಿ ಒಬ್ಬನಾದ್ರೂ ಮರೀತಾನೆ, ನೀವು ಹೇಗೆ ಮಾಡ್ತೀರಿ ಇದನ್ನ. ನಾನು ಬೀಗಿದೆ, ಅಯ್ಯೋ ದೇವರೇ, ಬೀಗಿದೆ ಅವಾಗ, ನಮ್ಮೂರಿನವರು ಶಿಸ್ತಿನ ಜನ ಕಣಮ್ಮ ಅಂದೆ, ನಮ್ಮ ಪಾದ್ರಿ ಕೇಳಿದ್ದರೆ ಚರ್ಚಿನಿಂದ ಎದ್ದು ಓಡಿಹೋಗುತ್ತಿದ್ದರು, ಶಿಸ್ತಂತೆ, ದಡ ಸೇರಿದ ಕೂಡಲೇ ಮೀನು ಕೊಯ್ಯುವ ಮೇಜು, ಆಮೇಲೆ ಬಿಯರು, ಬಂದೆ ಅಂತ ಹೇಳುವ ನೆನಪು ಯಾವನಿಗಿರುತ್ತದೆ. ಮೊದಮೊದಲು ನಾನು ಮನೆಮನೆಗೆ ಫೋನು ಮಾಡುತ್ತಿದ್ದೆ, ಹೆಂಗಸರು ಬೈಯುತ್ತಿದ್ದರು, ವರ್ನಾ, ನನ್ ಗಂಡನ್ ಮೇಲೆ ನನಗಿಂತ ನಿನಗೇ ಜಾಸ್ತಿ ಕಾಳಜಿ ಕಣೇ, ಇಟ್ಕೊ ನೀನೇ. ಆಮೇಲೆ ಆ ಹೆಲಿಕಾಪ್ಟರ್ ವರ್ಷ, ಮರ್ವ್ ಹೊತ್ತಿಗೆ ಬರಲಿಲ್ಲ, ಮನೆಯಲ್ಲಿ ಫೋನೂ ಎತ್ತಲಿಲ್ಲ ಅಂತ ನಾನು ನಿಯಮದ ಪ್ರಕಾರ ಮೇಲಕ್ಕೆ ತಿಳಿಸಿದೆ, ನಗರದಿಂದ ಹೆಲಿಕಾಪ್ಟರ್ ಬಂದು ಕೊಲ್ಲಿಯನ್ನೆಲ್ಲ ಸುತ್ತಿತು, ಮರ್ವ್ ಮನೆಯ ಸ್ನಾನದ ತೊಟ್ಟಿಯಲ್ಲಿ ಕಾಲು ಚಾಚಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ, ಇಲಾಖೆಯಿಂದ ಛೀಮಾರಿಯ ಕಾಗದ, ಕ್ರಿಸ್‌ಮಸ್ ಊಟದಲ್ಲಿ ನನಗೆ ಉಡುಗೊರೆ ಅಂತ ಆಟಿಕೆ ಹೆಲಿಕಾಪ್ಟರು, ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆ, ಮನೆಗೆ ಹೋಗಿ ಅತ್ತೆ. ಅವತ್ತಿನಿಂದ ಕಿಟಕಿ, ಈ ಕಿಟಕಿಯಿಂದ ದೋಣಿ ಇಳಿಸುವ ಇಳಿಜಾರು ಕಾಣುತ್ತದೆ, ಪಕ್ಕದ ಜಲ್ಲಿ ಬಯಲಲ್ಲಿ ಅವರವರ ಪಿಕಪ್ಪು, ಅದರ ಹಿಂದೆ ದೋಣಿ ಹೇರುವ ಟ್ರೇಲರು, ಯಾರದು ಯಾವುದು ಅಂತ ನನಗೆ ನಿದ್ದೆಯಲ್ಲೂ ಗೊತ್ತು, ಸಂಜೆ ಬಾಗಿಲು ಹಾಕುವ ಮೊದಲು ಒಮ್ಮೆ ನೋಡುವುದು, ಗಾಡಿ ಹೋಗಿದ್ದರೆ ಗಂಡಸು ಮನೆ ಸೇರಿದ ಅಂತ ಅರ್ಥ, ಅಷ್ಟು ಸಾಕಲ್ಲ, ಬಂದ ಅಂತ ಬರೆದು ಗಡಿಯಾರ ನೋಡಿ ಹೊತ್ತು ಹಾಕುವುದು, ಯಾರಿಗೂ ತೊಂದರೆಯಿಲ್ಲ, ಹೆಲಿಕಾಪ್ಟರ್ ಇಲ್ಲ, ನಗೆಯಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮುಚ್ಚಿಟ್ಟದ್ದಲ್ಲ, ಹೇಳುವಂಥದ್ದು ಅನ್ನಿಸಿರಲಿಲ್ಲ, ಹಿಟ್ಟಿಗೆ ಎಷ್ಟು ಉಪ್ಪು ಹಾಕುತ್ತೇನೆ ಅಂತ ಯಾರಾದರೂ ಊರಿಗೆ ಹೇಳಿಕೊಂಡು ಬರುತ್ತಾರೆಯೇ.

ಪೆನ್ಸಿಲ್ಲು ನಿಂತಿದೆ, ಹೌದು, ನಿಂತಿದೆ, ಈಗ ಎರಡು ನಿಮಿಷದ ಹಿಂದೆ ನಿಂತದ್ದು, ನನ್ನ ಪುಸ್ತಕದ ಮೇಲಲ್ಲ, ಮರ್ವ್‌ನ ವೋಚರಿನ ಮೇಲೆ. ಮರ್ವ್, ಇದೊಂದು ಅರ್ಥ ಆಗ್ಲಿಲ್ಲ, ಅಂದಳು, ಒಂದು ಪೆಟ್ಟಿಗೆ ಬಿಯರು, ನಲವತ್ತಾರು ಡಾಲರು, ಗಾಡಿ ಮತ್ತು ಟ್ರೇಲರ್ ಎರವಲು ಕೊಟ್ಟಿದ್ದಕ್ಕೆ, ಸಿ. ಹೈನ್‌ರಿಕ್‌ಗೆ, ಮಾರ್ಚ್ ಹದಿನಾಲ್ಕು, ನಾಲ್ಕು ವರ್ಷದ ಹಿಂದಿಂದು, ಇಲಾಖೆ ಕೆಲಸಕ್ಕೆ ಬಿಯರ್ ಕೊಳ್ಳೋ ಹಾಗಿಲ್ಲ ಅಂತ ಗೊತ್ತಲ್ಲ ನಿಮಗೆ. ನಾನು ನಗುವುದಕ್ಕೆ ಬಾಯಿ ತೆರೆದಿದ್ದೆ, ಮರ್ವ್ ಏನಾದರೂ ಚಟಾಕಿ ಹಾರಿಸುತ್ತಾನೆ ಅಂತ, ಆದರೆ ಅವನು ತನ್ನ ಬೂಟು ನೋಡುತ್ತಿದ್ದ, ಬೂಟಿನ ಮೇಲೆ ಒಣಗಿದ ಕೆಂಪು ಮಣ್ಣು, ಅದನ್ನು ಇನ್ನೊಂದು ಬೂಟಿನ ತುದಿಯಿಂದ ಕೆರೆಯುತ್ತಿದ್ದ, ಆಮೇಲೆ ಆ ಗಂಟಲಿನಿಂದ ನಾನು ಎಂದೂ ಕೇಳದ ದನಿಯಲ್ಲಿ ಅಂದ, ಬರೀಬಾರ್ದಿತ್ತು ನಾನು, ಆದ್ರೆ ದುಡ್ಡು ತಗೊಂಡಿದ್ದು ನಿಜ ಅಲ್ವಾ, ಬರೆದೆ. ನಮ್ಮ ರಕ್ಷಣಾ ದೋಣಿಯ ಟ್ರೇಲರ್ ಅಚ್ಚು ಮುರಿದಿತ್ತಂತೆ, ದೋಣಿಯನ್ನು ಬಣ್ಣ ಹೊಡೆಯುವವನ ಹತ್ತಿರ ಪಕ್ಕದೂರಿಗೆ ಅವತ್ತೇ ಮುಟ್ಟಿಸಬೇಕಿತ್ತಂತೆ, ಇಳಿಜಾರಿನ ಪಕ್ಕ ಕೊರಾಲಿಯ ಗಂಡ ಕ್ಲೆಮ್‌ನ ಪಿಕಪ್ಪು ಟ್ರೇಲರಿನ ಸಮೇತ ನಿಂತಿತ್ತು, ಕೀಲಿ ಮುಂದಿನ ಚಕ್ರದ ಮೇಲೆ, ಇಲ್ಲಿ ಎಲ್ಲರ ಕೀಲಿಯೂ ಅಲ್ಲೇ, ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಿ ತಂದಿಡುವುದು, ಕೇಳಿದರೇ ಅವಮಾನ. ಮೂರು ಗಂಟೆಗೆ ತಗೊಂಡ್ಹೋದೆ, ಅಂದ, ಅವನು ಬರೋದು ಆರಕ್ಕೆ ಅಲ್ವಾ, ಅಷ್ಟ್ರಲ್ಲಿ ತಂದ್ಬಿಡೋಣ ಅಂತ, ಬಣ್ಣದವನು ತಡ ಮಾಡ್ಬಿಟ್ಟ, ತಂದು ನಿಲ್ಸೋ ಹೊತ್ಗೆ ಎಂಟೂವರೆ, ಕತ್ತಲಾಗಿತ್ತು, ನಡ್ಕೊಂಡು ಮನೆಗೆ ಹೋಗಿರ್ತಾನೆ ಅಂದ್ಕೊಂಡೆ. ಕೆಟಲಿನ ಸದ್ದು ನಿಂತಿತು, ಕೊರಾಲಿ ಅಡುಗೆಮೂಲೆಯಿಂದ ಹೊರಗೆ ಬಂದು ನಿಂತಳು, ಕೈಯಲ್ಲಿ ಮೇಲೆ ಬೆಣ್ಣೆಹಿಟ್ಟಿನ ಪುಡಿ ಉದುರಿಸಿದ ಕೇಕಿನ ತಟ್ಟೆ, ಅವಳ ಅಜ್ಜಿಯ ಕೈಗುಣದ ಜರ್ಮನ್ ಕೇಕು, ಮರ್ವ್ ಅವಳನ್ನು ನೋಡಿದ, ಬೂಟು ನೋಡಿದ. ನನ್ನಿಂದ ಆಗಿದ್ದು ಕೊರಾಲಿ, ಅಂದ, ನಿನ್ ಗಂಡ ಐದೂ ನಲವತ್ತಕ್ಕೆ ಬಂದ, ಗಾಡಿ ಇರ್ಲಿಲ್ಲ, ನನ್ನ ಬೈಕೊಂಡು, ನಾನು ಬರೋವರ್ಗೂ ಇನ್ನೆರಡು ಮೀನಾದ್ರೂ ಹಿಡಿಯೋಣ ಅಂತ ವಾಪಸ್ ಹೋಗಿರ್ಬೇಕು, ಅಷ್ಟೇ ಆಗಿರೋದು, ಊರೋರು ಎಂಟು ಗಂಟೆಗೆ ಪಕ್ಕದೂರಿನ ರಸ್ತೆಲಿ ನೋಡಿದ್ರಲ್ಲ ಅವನ ಪಿಕಪ್ಪು, ಅದರಲ್ಲಿದ್ದಿದ್ದು ಕ್ಲೆಮ್ ಅಲ್ಲ, ನಾನು, ನಾಲ್ಕು ವರ್ಷ ಬಾಯಿ ಬಿಡೋಕೆ ಆಗ್ಲಿಲ್ಲ, ಹೇಡಿ ನಾನು.

ಐದು ನಲವತ್ತಕ್ಕೆ ಬಂದ, ಬಂದ ಅಂತ ಯಾರು ಹೇಳಿದರು, ನಾನು ಹೇಳಿದೆ, ಪುಸ್ತಕ ಹೇಳಿತು, ಪುಸ್ತಕಕ್ಕೆ ಯಾರು ಹೇಳಿದರು. ಕ್ಲೆಮ್ ಹೈನ್‌ರಿಕ್, ಒಬ್ಬನೇ, ಬಂಡೆಸಾಲಿನ ಆಚೆಗೆ, ಬೆಳಿಗ್ಗೆ ಹತ್ತಕ್ಕೆ ಹೋದದ್ದು, ಅದು ಅವನ ದನಿಯೇ, ಅದು ನಿಜ, ವರ್ನಾ, ಗಾಳಿ ಚೆನ್ನಾಗಿದೆ, ನಿನಗೆರಡು ಮೀನು ತರ್ತೀನಿ, ಅಂದದ್ದು ನಿಜ. ಸಂಜೆ, ಸಂಜೆ ಏನಂದ, ಅವನ ಸಾವಿನ ವಿಚಾರಣೆಯಲ್ಲಿ ನಾನು ಹೇಳಿದೆನಲ್ಲ, ಬೈಬಲ್ ಮೇಲೆ ಕೈಯಿಟ್ಟು, ಬಂದೆ ಕಣೇ ವರ್ನಾ ಅಂತ ಕೂಗಿದ ಅಂತ, ಸುಳ್ಳು ಹೇಳಲಿಲ್ಲ ನಾನು, ಕೇಳಿಸಿತ್ತು ನನಗೆ, ಪುಸ್ತಕದಲ್ಲಿ ನನ್ನ ಅಕ್ಷರ ನೋಡಿದ ಕೂಡಲೇ ಅವನ ದನಿ ಕಿವಿಯಲ್ಲಿ ಕೇಳಿಸಿತು, ಈಗ ಹುಡುಕುತ್ತೇನೆ ಆ ದನಿಯನ್ನು, ಬಂದೆ ಕಣೇ, ಅದರ ಹಿಂದೆ ಮಳೆಯ ಸದ್ದಿದೆ, ಮಾರ್ಚಿನಲ್ಲಿ ಎಲ್ಲಿಯ ಮಳೆ, ಅದು ಹಿಂದಿನ ಚಳಿಗಾಲದ್ದು, ಬೇರೆ ಯಾವುದೋ ಶನಿವಾರದ್ದು. ಹದಿನಾಲ್ಕನೆಯ ತಾರೀಕು ದನಿ ಇಲ್ಲ, ಏನೂ ಇಲ್ಲ, ವೈರ್‌ಲೆಸ್ಸಿನ ಕರಕರ, ಕಿಟಕಿಗೆ ಹೋದೆ, ಮೀನು ಕೊಯ್ಯುವ ಮೇಜಿನ ಪಕ್ಕ ಕ್ಲೆಮ್‌ನ ಪಿಕಪ್ಪು ನಿಲ್ಲುವ ಜಾಗ, ಗಾಡಿಯಿಲ್ಲ, ಅಲ್ಲೊಂದು ಹೆಜ್ಜಾರ್ಲೆ, ಚೀಲದಂಥ ಕೊಕ್ಕಿನ ದೊಡ್ಡ ನೀರುಹಕ್ಕಿ, ನಿಂತಿತ್ತು, ಬಿಳಿ ಎದೆ, ಕೊಕ್ಕನ್ನು ಎದೆಗೆ ಒತ್ತಿಕೊಂಡು, ಖಾಲಿ ಜಾಗಕ್ಕೆ ತಾನೇ ಯಜಮಾನ ಅನ್ನುವ ಹಾಗೆ, ನನಗೆ ನಗು ಬಂತು, ಕ್ಲೆಮ್ ತನ್ನ ಜಾಗವನ್ನು ಇದಕ್ಕೆ ಬಾಡಿಗೆಗೆ ಕೊಟ್ಟು ಹೋದ ಅಂದುಕೊಂಡೆ, ಗಡಿಯಾರ ನೋಡಿದೆ, ಬರೆದೆ. ಬರೆದು ಬೀಗ ಹಾಕಿ ಮನೆಗೆ ಹೋಗಿ ಕುರಿಮಾಂಸ ಬೇಯಿಸಿದೆ. ಒಂಬತ್ತು ಗಂಟೆಗೆ ಫೋನು, ಕೊರಾಲಿ, ವರ್ನಾ, ಕ್ಲೆಮ್ ಇನ್ನೂ ಬಂದಿಲ್ಲ ಕಣೇ, ಅಲ್ಲೇನಾದ್ರೂ ಗೊತ್ತಾ, ಅಂದಳು, ಅವನು ಐದೂ ನಲವತ್ತಕ್ಕೇ ಬಂದ ಮಾರಾಯ್ತಿ, ಎಲ್ಲೋ ಕುಡೀತಾ ಕೂತಿರ್ತಾನೆ, ಚಿಲಕ ಹಾಕ್ಕೊಂಡು ಮಲಗು, ಒಂದು ರಾತ್ರಿ ಹೊರಗೆ ಮಲಗಿದ್ರೆ ಬುದ್ಧಿ ಬರತ್ತೆ, ಅಂದವಳು ನಾನು, ಈ ಬಾಯಿ, ಚಿಲಕ ಹಾಕಿಸಿದ ಬಾಯಿ. ಭಾನುವಾರ ಇಡೀ ದಿನ ಅವಳು ಸಿಟ್ಟಿನಲ್ಲೇ ಕಳೆದಳು, ಸೋಮವಾರ ಬೆಳಗಿನ ಜಾವ ಹುಡುಕಾಟ ಶುರು, ಮಂಗಳವಾರ ಸಿಕ್ಕಿದ, ಬಂಡೆಸಾಲಿನ ಆಚೆ, ದೋಣಿ ಮಗುಚಿತ್ತು, ಮಂಜುಗಡ್ಡೆ ಪೆಟ್ಟಿಗೆಯ ಮುಚ್ಚಳಕ್ಕೆ ಲಂಗರಿನ ಹಗ್ಗದಲ್ಲಿ ತನ್ನ ಸೊಂಟವನ್ನು ತಾನೇ ಕಟ್ಟಿಕೊಂಡಿದ್ದ, ಭಾನುವಾರ ಮಧ್ಯಾಹ್ನದವರೆಗೂ ಜೀವ ಇದ್ದಿರಬಹುದು ಅಂದರು ಡಾಕ್ಟರು. ಶನಿವಾರ ರಾತ್ರಿ ಮತ್ತೆ ಯಾಕೆ ಕಡಲಿಗೆ ಇಳಿದ, ಹುಡುಕಹೋದಾಗ ಗಾಡಿ ಇಳಿಜಾರಿನ ಹತ್ತಿರವೇ ನಿಂತಿತ್ತಲ್ಲ, ಹಾಗಾದರೆ ಬಂದು ಎಲ್ಲಿಗೋ ಹೋಗಿ ಮರಳಿ ಬಂದು ಇಳಿದಿದ್ದಾನೆ, ಊರು ಲೆಕ್ಕ ಹಾಕಿತು, ಪಕ್ಕದೂರಿನಲ್ಲಿ ಒಬ್ಬಳಿದ್ದಾಳೆ, ಜಗಳ ಆಗಿದೆ, ಬೇಕೆಂತಲೇ ಇಳಿದಿದ್ದಾನೆ, ಬ್ಯಾಂಕಿನ ಮುಂದೆ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಲೆಕ್ಕಕ್ಕೂ ಬುಡ ನನ್ನ ಒಂದು ಸಾಲು. ಕೊರಾಲಿ ಕೇಳಿಸಿಕೊಂಡಳು, ನಂಬಿದಳೋ ಇಲ್ಲವೋ ಗೊತ್ತಿಲ್ಲ, ಅವನ ಬಟ್ಟೆಗಳನ್ನೆಲ್ಲ ಗೋಣಿಗೆ ತುಂಬಿ ಕೊಟ್ಟುಬಿಟ್ಟಳು, ಸಮಾಧಿಯ ಕಲ್ಲಿನ ಮೇಲೆ ಏನು ಕೆತ್ತಿಸೋಣ ಅಂತ ಪಾದ್ರಿ ಕೇಳಿದರೆ, ಹೆಸರು ತಾರೀಕು ಸಾಕು, ಪ್ರೀತಿಯ ಪತಿ ಅಂತೆಲ್ಲ ಬೇಡ, ಖಾಲಿ ಬಿಡಿ ಜಾಗ, ಅಂದಳಂತೆ. ಖಾಲಿಯೇ ಇದೆ, ಈಸ್ಟರಿಗೆ ಹೋಗಿ ನೋಡಿದ್ದೇನೆ, ಹೆಸರಿನ ಕೆಳಗೆ ಬೋಳು ಕಲ್ಲು, ಬೋಳು ಜಲ್ಲಿ, ಹೆಜ್ಜಾರ್ಲೆ.

ಏನೋ ನಡೆಯುತ್ತಿದೆ ಇಲ್ಲಿ, ನೋಡು ವರ್ನಾ, ನೋಡು, ಕೊರಾಲಿ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು, ಮರ್ವ್‌ನ ಹತ್ತಿರ ಹೋದಳು, ಕಪಾಳಕ್ಕೆ ಬಾರಿಸುತ್ತಾಳೆ ಅಂದುಕೊಂಡೆ, ಬಾರಿಸಿಕೊಳ್ಳುವುದಕ್ಕೆ ಅವನೂ ಮುಖ ಕೊಟ್ಟ, ಅವಳು ಅವನ ಭುಜದ ಮೇಲೆ ಕೈಯಿಟ್ಟಳು, ಹಾಗಾದ್ರೆ ಅವನು ಎಲ್ಲಿಗೂ ಹೋಗ್ಲಿಲ್ಲ, ಅಂದಳು, ಗಾಡಿ ಇರ್ಲಿಲ್ಲ ಅಷ್ಟೇ, ಪೆದ್ದ, ನಡ್ಕೊಂಡು ಬಂದಿದ್ರೂ ಇಪ್ಪತ್ತು ನಿಮಿಷ, ನಡೆಯೋಕೆ ಸೋಮಾರಿ ಅವನು, ಮೊದಲಿಂದ್ಲೂ ಸೋಮಾರಿ. ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ, ನಾಲ್ಕು ವರ್ಷದಿಂದ ಬಿಗಿದುಕೊಂಡಿದ್ದ ದವಡೆ ಸಡಿಲವಾಗಿದೆ, ಮರ್ವ್ ಚಿಕ್ಕ ಹುಡುಗನ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದಾನೆ, ಕ್ಷಮಿಸ್ಬಿಡು ಕೊರಾಲಿ, ಹೋಗ್ಲಿ ಬಿಡೋ, ನೀನೇನು ಬೇಕಂತ ಮಾಡಿದ್ಯಾ. ಆಯಿತಲ್ಲ, ಇಲ್ಲಿಗೇ ನಿಲ್ಲಬಹುದು ಇದು, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳು ನಾಳೆ ಪಾದ್ರಿಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೆತ್ತಿಸುತ್ತಾಳೆ, ಮರ್ವ್‌ಗೆ ಕ್ಷಮೆ ಸಿಕ್ಕಿತು, ಅವಳಿಗೆ ಗಂಡ ಸಿಕ್ಕಿದ, ಒಂದು ಸಾಲು ಇದ್ದ ಹಾಗೇ ಇರಲಿ, ಯಾರಿಗೆ ನಷ್ಟ — ನೀರಲ್ಲಿ ಇದ್ದವನಿಗೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ವರ್ನಾ ಪುಸ್ತಕ ನೋಡ್ತಾಳೆ, ಆರೂವರೆಗೆ ಕೂಗ್ತಾಳೆ, ಏಳಕ್ಕೆ ದೋಣಿ ಬರತ್ತೆ ಅಂತ ಲೆಕ್ಕ ಹಾಕುತ್ತಿದ್ದವನಿಗೆ, ನಿಯಮ ಅವನಿಗೂ ಗೊತ್ತಿತ್ತಲ್ಲ. ಮರ್ವ್‌ಗೆ ನಷ್ಟ, ತನ್ನದಲ್ಲದ ಹೊರೆ ಹೊತ್ತು ಸಾಯುತ್ತಾನೆ, ಒಂದು ಪೆಟ್ಟಿಗೆ ಬಿಯರಿಗೂ ಸುಳ್ಳು ಬರೆಯಲಾರದವನು. ಎಲೆನಿ ಪೆನ್ಸಿಲ್ಲನ್ನು ಕೆಳಗಿಟ್ಟಿದ್ದಾಳೆ, ಅವಳ ಮುಂದೆ ಈ ಕಡೆ ವೋಚರು, ಆ ಕಡೆ ನನ್ನ ಪುಸ್ತಕ, ಹದಿನಾಲ್ಕನೆಯ ತಾರೀಕಿನ ಪುಟ, ಅವತ್ತು ಸಂಜೆ ಬರೆದ ಸಾಲುಗಳು ಏಳು, ಏಳಕ್ಕೂ ಒಂದೇ ಶಾಯಿ, ಏಳಕ್ಕೂ ಐದು ನಲವತ್ತು, ಅವಳಿಗೆ ಕಂಡಿದೆ, ಕಾಣದಿರುವುದಕ್ಕೆ ಅವಳೇನು ಕುರುಡಿಯೇ, ಮೆಲ್ಲಗೆ ಕೇಳಿದಳು, ವರ್ನಾ, ಅವರು ಕರೆದಿದ್ದನ್ನ ನೀವು ಕೇಳಿಸ್ಕೊಂಡ್ರಾ. ಹೌದು ಅನ್ನು, ಎರಡೇ ಅಕ್ಷರ, ಬೈಬಲ್ ಮುಟ್ಟಿ ಒಮ್ಮೆ ಅಂದಾಗಿದೆ, ಇನ್ನೊಮ್ಮೆ ಅಂದರೆ ಏನಾಗುತ್ತದೆ, ಕೊರಾಲಿ ನನ್ನ ಕಡೆ ತಿರುಗಿದ್ದಾಳೆ, ಕೆನ್ನೆ ಒದ್ದೆ, ಕಣ್ಣು ಬೆಳಕಾಗಿದೆ, ಹೇಳೇ, ಅವನೇನಂದ ಅಂತ ಸರಿಯಾಗಿ ಹೇಳೇ ಇವಳಿಗೆ, ಅನ್ನುತ್ತಿದ್ದಾಳೆ, ಅವನ ಕೊನೆಯ ಮಾತನ್ನು ಇನ್ನೊಮ್ಮೆ ಕೇಳುವ ಆಸೆ ಅವಳಿಗೆ, ಆ ಮಾತು ನನ್ನ ಹತ್ತಿರ ಇಲ್ಲ ಕೊರಾಲಿ. ಇಲ್ಲ, ಅಂದೆ. ನನ್ನ ದನಿಯೇ ಅದು, ಯಾರೋ ಪಕ್ಕದಲ್ಲಿ ಮಾತಾಡಿದ ಹಾಗಿದೆ. ಅವನು ಕರೀಲಿಲ್ಲ, ನಾನು ಕಿಟಕಿಲಿ ನೋಡಿದೆ, ಗಾಡಿ ಇರ್ಲಿಲ್ಲ, ಬಂದ ಅಂತ ನಾನೇ ಬರ್ಕೊಂಡೆ, ಎಲ್ಲರದ್ದೂ ಹಾಗೇ ಬರೀತಿದ್ದೆ. ಮರ್ವ್ ತಲೆಯೆತ್ತಿದ, ಅವನಿಗೆ ಅರ್ಥವಾಗುತ್ತಿದೆ, ಒಂದೊಂದಾಗಿ, ಕೊರಾಲಿಗೂ ಅರ್ಥವಾಗುತ್ತಿದೆ, ಅವಳ ಮುಖದ ಬೆಳಕು ಇಳಿಯುವುದನ್ನು ನಾನು ನೋಡುತ್ತಿದ್ದೇನೆ, ಹಾಗಾದ್ರೆ ಅವನು ವಾಪಸ್ ಬರ್ಲೇ ಇಲ್ಲ, ಅಂದಳು, ಅಲ್ಲೇ ಇದ್ದ, ನಾನು ನಿನಗೆ ಫೋನ್ ಮಾಡ್ದಾಗ್ಲೂ ಅಲ್ಲೇ ಇದ್ದ, ನಾನು ಚಿಲಕ ಹಾಕ್ಕೊಂಡಾಗ್ಲೂ. ಬೈಯಲಿಲ್ಲ, ಕೂಗಲಿಲ್ಲ, ಬೈದಿದ್ದರೆ, ಆ ತಟ್ಟೆಯನ್ನು ಎತ್ತಿ ನನ್ನ ಮುಖಕ್ಕೆ ಎಸೆದಿದ್ದರೆ, ಅವಳು ಕೇಳಿದ್ದು ಒಂದೇ ಮಾತು, ಎಷ್ಟೋ ದೂರದಿಂದ ಕೇಳಿದ ಹಾಗೆ, ಅವತ್ತು ನೀನು ಬರೆದಾಗ ಇನ್ನೂ ಬೆಳಕಿತ್ತಾ ವರ್ನಾ, ಹುಡುಕೋ ಅಷ್ಟು ಬೆಳಕಿತ್ತಾ. ಬೆಳಕು, ಮಾರ್ಚ್ ತಿಂಗಳು, ಹೊತ್ತು ಮುಳುಗುವುದಕ್ಕೆ ಇನ್ನೂ ಎರಡು ಗಂಟೆ, ಗಾಳಿ ಬಿದ್ದಿತ್ತು, ಕೊಲ್ಲಿ ತಟ್ಟೆಯ ಹಾಗೆ ಸಮ, ಬಂಡೆಸಾಲಿನ ನೊರೆ ಕೂಡ ಕಿಟಕಿಯಿಂದ ಕಾಣುತ್ತಿತ್ತು, ಹೇಗೆ ಹೇಳಲಿ, ಜಲ್ಲಿಯ ಒಂದೊಂದು ಕಲ್ಲೂ ಎಣಿಸುವ ಹಾಗೆ ಬಿಸಿಲು, ಆ ಬಿಸಿಲಿನಲ್ಲಿ ಹೆಜ್ಜಾರ್ಲೆ, ಬಿಳಿ ಎದೆ, ಕಣ್ಣಿನ ಸುತ್ತಲ ಹಳದಿ ಉಂಗುರ, ಅದೂ ಕಾಣುತ್ತಿತ್ತು, ಅಷ್ಟು ಬೆಳಕು, ಖಾಲಿ ಜಾಗದ ಈ ಅಂಚಿನಿಂದ ಆ ಅಂಚಿನವರೆಗೆ ಚಾಚಿದ ಅದರ ನೆರಳು, ನೆರಳಿನ ಕೊಕ್ಕು, ಹೆಜ್ಜಾರ್ಲೆ, ಅದರ ನೆರಳು, ಹೆಜ್ಜಾರ್ಲೆ —